ಮೂರನೇ ಮೆಟ್ಟಿಲು

“ಹುಡುಗ, ಹುಡುಗಿ ಒಳಗೆ ಕೂತು ಎರಡು ಮಾತಾಡ್ಕೊಳ್ಳಲಿ” ಎಂದು ಷಡಕ್ಷರಿ ಮಾವ ಅಪ್ಪಣೆ ಕೊಟ್ಟಾಗ ದೀಪಿಕಾಳ ಎದೆ ಧಸಕ್ಕೆಂದಿತು. ನಾಚಿಕೆಯಿಂದಲ್ಲ. ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದೇ ಇತ್ತು. ಪರದೆಯ ಮೇಲೆ ಒಂದು ಹಾಳು ಬಂಗಲೆ. ಅದರ ನಡುಮನೆಯಲ್ಲಿ ಅವಳು ವಾರದಿಂದ ದಾರಿ ಕಾಣದೆ ಅಲೆಯುತ್ತಿದ್ದಳು.

ಹುಡುಗನ ಹೆಸರು ರೇಣುಕಾಪ್ರಸಾದ್. ಗುಬ್ಬಿಯವನು, ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ. ಶೆಟ್ಟಿಹಳ್ಳಿಯ ಆ ಪುಟ್ಟ ರೂಮಿಗೆ ಬಂದವನು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತ. ಕಣ್ಣು ನೇರ ಪರದೆಗೇ ಹೋಯಿತು.

“ಗೇಮಾ?”

“ಹ್ಞೂಂ. ನಾನು ಪತ್ತೇದಾರ. ಜಮೀನ್ದಾರ ಕಾಣೆಯಾಗಿದಾನೆ, ಹುಡುಕ್ಬೇಕು” ಎಂದಳು ದೀಪಿಕಾ. ಹೇಳಿ, ಮೌಸನ್ನು ಮೆಲ್ಲಗೆ ತನ್ನ ಕಡೆಗೆ ಸರಿಸಿಕೊಂಡಳು. ಹೋದ ತಿಂಗಳು ಕುಣಿಗಲ್‌ನಿಂದ ಬಂದಿದ್ದ ವರ ಇದೇ ಕುರ್ಚಿಯಲ್ಲಿ ಕೂತು, ಅವಳ ಕೈಯಿಂದ ಮೌಸ್ ಕಿತ್ತುಕೊಂಡು, ಫೋನಿನಲ್ಲಿ ಉತ್ತರ ಹುಡುಕಿ, ‘ಇಷ್ಟೇ ತಾನೆ?’ ಎಂದು ಒಂದು ಬೀಗ ತೆಗೆದು ತೋರಿಸಿದ್ದ. ಅವಳು ಒಲ್ಲೆ ಅಂದಿದ್ದಳು. ಅಂಥ ಸಂಬಂಧ ಯಾಕೆ ಬಿಟ್ಟಳೆಂಬುದು ಮನೆಯಲ್ಲಿ ಯಾರಿಗೂ ಇವತ್ತಿಗೂ ಬಗೆಹರಿದಿಲ್ಲ. ‘ಇದನ್ನೂ ಬೇಡ ಅಂದ್ರೆ ನಿಮ್ಮ ಮಾವ ಇನ್ನು ನಮ್ಮನೆ ಕಡೆ ತಲೆ ಹಾಕಿಯೂ ಮಲಗಲ್ಲ ಕಣೇ’ ಎಂದು ಅಮ್ಮ ಶಕುಂತಲಮ್ಮ ಬೆಳಿಗ್ಗೆಯೇ ಎಚ್ಚರಿಸಿದ್ದರು.

“ಎಲ್ಲಿ ಸಿಕ್ಕಾಕೊಂಡಿದೀರಾ?” ಎಂದು ರೇಣುಕಾಪ್ರಸಾದ್ ಕೇಳಿದ.

“ನೋಡಿ, ಗೋಡೆ ಮೇಲೆ ನಾಲ್ಕು ಪಟ. ತಾತ, ಅಜ್ಜಿ, ಮಗ, ಸೊಸೆ. ‘ನಾಲ್ವರೂ ನೋಡುವ ಕಲ್ಲಿನಡಿ ದಾರಿ’ ಅಂತ ಬಾಗಿಲ ಮೇಲೆ ಕೆತ್ತಿದಾರೆ. ಆದ್ರೆ ಇವರು ಒಬ್ಬೊಬ್ಬರೂ ಒಂದೊಂದು ಕಡೆ ನೋಡ್ತಾರೆ. ತಾತ ಕಿಟಕಿಗೆ, ಅಜ್ಜಿ ಬಾಗಿಲಿಗೆ, ಮಗ ಮೂಲೆಗೆ, ಸೊಸೆ ಬರೀ ಗೋಡೆಗೆ. ಎಲ್ಲ ಕಡೆ ಕಲ್ಲು ತಟ್ಟಿದ್ದಾಯ್ತು.”

ಈಗ ಬುದ್ಧಿವಾದ ಶುರುವಾಗುತ್ತದೆ ಎಂದು ಅವಳು ಕಾದಳು. ಅವನು ಎರಡೂ ಕೈಗಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಮುಂದಕ್ಕೆ ಬಾಗಿ ಕೂತಿದ್ದ. “ಹ್ಞೂಂ, ಆಮೇಲೆ?” ಎಂದ, ಅಷ್ಟೆ.

ಆಮೇಲೆ ಏನೂ ಇರಲಿಲ್ಲ. ಸುಮ್ಮನಿರಲಾರದೆ ಅವಳು ಒಂದೊಂದೇ ಪಟವನ್ನು ಮತ್ತೆ ತೋರಿಸತೊಡಗಿದಳು. ಅಜ್ಜಿಯ ಹತ್ತಿರ ಬಂದಾಗ ಮೌಸ್ ನಿಂತಿತು. ಪಟದ ಅಂಚಿನಾಚೆ ಗೋಡೆ ಒಂದು ಪಟ್ಟಿಯಷ್ಟು ಅಗಲ ಬೆಳ್ಳಗಿತ್ತು.

“ಪೇಂಟ್ ಮಾಡ್ಸೋಕೆ ಮುಂಚೆ ನಮ್ಮ ಹಾಲ್‌ನಲ್ಲೂ ಹಿಂಗೇ ಇತ್ತು” ಎಂದಳು ನಿಧಾನವಾಗಿ. “ಪಟ ತೆಗೆದ್ರೆ ಅದರಳತೆಗೆ ಗೋಡೆ ಬೆಳ್ಳಗೆ. ಅಜ್ಜಿ ಪಟ ಚಿಕ್ಕದು. ಹಿಂದಿರೋ ಗುರುತು ದೊಡ್ಡದು. ಅಂದ್ರೆ... ಇದು ಅಜ್ಜಿ ಜಾಗ ಅಲ್ಲ. ಯಾರೋ ಪಟಗಳನ್ನ ಅದಲುಬದಲು ಮಾಡಿದಾರೆ.”

ದೊಡ್ಡ ಗುರುತಿನ ಮೇಲೆ ತಾತ ಬಂದ. ಅಜ್ಜಿ ಎದುರು ಗೋಡೆಗೆ ಹೋದಳು. ಮಗ, ಸೊಸೆ ಜಾಗ ಬದಲಿಸಿಕೊಂಡರು. ಈಗ ಎಂಟೂ ಕಣ್ಣುಗಳು ನಡುಮನೆಯ ಒಂದೇ ಕಲ್ಲನ್ನು ನೋಡುತ್ತಿದ್ದವು. ಮುಟ್ಟಿದ್ದೇ ತಡ, ಅದು ಗರಗರನೆ ಸರಿದು, ಕೆಳಗೆ ಕತ್ತಲಿಗೆ ಇಳಿಯುವ ಮೆಟ್ಟಿಲು ಕಾಣಿಸಿತು.

ರೇಷ್ಮೆ ಸೀರೆ, ಮುಡಿದ ಮಲ್ಲಿಗೆ, ಹೊರಗೆ ಕಾದಿರುವ ಜನ ಎಲ್ಲವೂ ಮರೆತುಹೋಗಿ ದೀಪಿಕಾ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ಅದೇ ಭರದಲ್ಲಿ ಕೀಬೋರ್ಡಿನ ಕೀಲಿ ಒತ್ತಿದಳು. ಒಂದು ಮೆಟ್ಟಿಲು. ಎರಡು.

“ಮೂರನೇ ಮೆಟ್ಟಿಲು...” ಎಂದವನು ತಟ್ಟನೆ ಬಾಯಿ ಮುಚ್ಚಿಕೊಂಡ.

ಅವಳ ಬೆರಳು ನಿಂತಿತು. “ಮೂರನೇ ಮೆಟ್ಟಿಲಿಗೇನು?”

ರೇಣುಕಾಪ್ರಸಾದ್‌ನ ಕಿವಿ ಕೆಂಪಾಯಿತು. “ಏನಿಲ್ಲ.”

“ಈ ಗೇಮ್ ಆಡಿದೀರಾ?”

“ಹೋದ ವರ್ಷ ಮುಗಿಸ್ದೆ.”

“ಪಟದ ವಿಷಯ ಗೊತ್ತಿದ್ದೂ ಇಷ್ಟೊತ್ತು ಸುಮ್ನೆ ಕೂತಿದ್ರಾ?”

“ತುಂಬಾ ಕಷ್ಟ ಆಯ್ತು” ಎಂದ ಅವನು ಪ್ರಾಮಾಣಿಕವಾಗಿ. “ನಿಮ್ಮ ಮೌಸ್ ಅಜ್ಜಿ ಹತ್ರ ನಿಂತಾಗ ನಾಲಿಗೆ ಕಚ್ಕೊಂಡಿದ್ದೆ. ಆ ಕಲ್ಲು ಸರಿದಾಗ ನಾನು ನಮ್ಮಮ್ಮನ್ನ ಅಡುಗೆಮನೆಯಿಂದ ಎಳ್ಕೊಂಡ್ ಬಂದು ತೋರ್ಸಿದ್ದೆ. ಆ ಖುಷಿ ನಿಮಗೆ ಯಾಕೆ ತಪ್ಪಿಸ್ಲಿ ಅಂತ.”

ದೀಪಿಕಾ ಅವನನ್ನು ಆಗಲೇ ಮೊದಲ ಸಲ ಸರಿಯಾಗಿ ನೋಡಿದಳು. ಒರಟು ಹುಬ್ಬು, ಇಸ್ತ್ರಿ ಮಾಡಿದ ನೀಲಿ ಅಂಗಿ, ಇನ್ನೂ ಮೊಣಕಾಲ ನಡುವೆಯೇ ಇದ್ದ ಕೈಗಳು.

“ಹಾಗಾದ್ರೆ ಇದನ್ನೂ ಹೇಳ್ಬೇಡಿ” ಎಂದು ಕೀಲಿ ಒತ್ತಿದಳು.

ಮೂರನೇ ಮೆಟ್ಟಿಲು ಲಟಕ್ಕನೆ ಮುರಿಯಿತು. ಟಾರ್ಚು, ಪತ್ತೇದಾರ, ಟೋಪಿ ಎಲ್ಲ ದಬದಬನೆ ಕತ್ತಲಿಗೆ ಉರುಳಿದವು. ಇಬ್ಬರೂ ಒಟ್ಟಿಗೆ ನಕ್ಕರು, ಅವಳಿಗೆ ಕಣ್ಣಲ್ಲಿ ನೀರು ಬರುವಷ್ಟು. ಹಾಲ್‌ನಲ್ಲಿ ನಡೆಯುತ್ತಿದ್ದ ಮಾತು ಗಕ್ಕನೆ ನಿಂತಿತು.

ಶಕುಂತಲಮ್ಮ ಬಾಗಿಲ ಬಳಿ ಬಂದು ಮೆಲ್ಲಗೆ ಕೇಳಿದರು, “ಮಾತು ಮುಗೀತೇನಮ್ಮಾ?”

“ಇಲ್ಲಮ್ಮ, ಈಗ ತಾನೆ ನೆಲಮಾಳಿಗೆಗೆ ಬಿದ್ವಿ. ಎದ್ದು ಬರೋಕೆ ಸ್ವಲ್ಪ ಹೊತ್ತಾಗುತ್ತೆ.”

ಅಮ್ಮ ಹಿಂದಿರುಗಿದರು. ಸ್ವಲ್ಪ ಹೊತ್ತಿಗೆ ಹಾಲ್‌ನಿಂದ ಮಾವನ ಪಿಸುಮಾತು ಕೇಳಿಸಿತು: “ಏನಂತೆ?”

“ಏನೂ ಅರ್ಥ ಆಗ್ಲಿಲ್ಲ ಕಣಣ್ಣ” ಎಂದರು ಶಕುಂತಲಮ್ಮ. “ಆದ್ರೆ ‘ಬಿದ್ದೆ’ ಅನ್ಲಿಲ್ಲ. ‘ಬಿದ್ವಿ’ ಅಂದ್ಲು.”