ಹಾರಿಹೋದ ಎರಡು ಹಾಳೆ

ಬೆಂಚಿನ ತುದಿಯಲ್ಲಿ ಕೂತು ನಾಟಕದ ಹಾಳೆಗಳನ್ನು ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದ ಸೊಸೆ ತಲೆಯೆತ್ತಿ ನೋಡಿದರೆ, ಹಾಲ್‌ನ ಬಾಗಿಲಲ್ಲಿ ಕೊಡೆ ಮಡಿಸುತ್ತ ನಿಂತವರು ಬೇರೆ ಯಾರೂ ಅಲ್ಲ, ಅವಳ ಅತ್ತೆ. "ನಾಟಕಕ್ಕೆ ಈ ವರ್ಷದಿಂದ ದೊಡ್ಡ ನಮಸ್ಕಾರ, ನನ್ನ ಮಂಡಿ ಕೇಳಲ್ಲ" ಎಂದು ಬೆಳಿಗ್ಗೆಯಷ್ಟೇ ಅಡುಗೆಮನೆಯಲ್ಲಿ ಸಾರಿದ್ದ ಅತ್ತೆ. ಆ ಮಾತನ್ನು ನಂಬಿಯೇ ಸೊಸೆ, ಔಷಧಿ ಅಂಗಡಿಯಲ್ಲಿ ಸ್ಟಾಕ್ ನೋಡುವ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ ಇಲ್ಲಿಗೆ, ಪಾತ್ರಗಳ ಆಯ್ಕೆಗೆ, ಬಂದಿದ್ದಳು. ಮಂಡಿಯ ಸುಳ್ಳು, ಅಂಗಡಿಯ ಸುಳ್ಳು ಎರಡೂ ಈಗ ಒಂದೇ ಬೆಂಚಿನ ಮೇಲೆ ಪಕ್ಕಪಕ್ಕ ಕೂತವು.

"ಸ್ಟಾಕ್ ನೋಡಿ ಆಯ್ತಾ?" ಅತ್ತೆ ಎದುರಿನ ಗೋಡೆ ನೋಡುತ್ತ ಕೇಳಿದರು.

"ಮಂಡಿ ಹೇಗಿದೆ ಅತ್ತೆ?"

"ಕೂತ್ರೆ ಏನೂ ತೊಂದರೆ ಇಲ್ಲ."

ಪರದೆಗೆ ಬಣ್ಣ ಬಳಿಯುವ ಪೇಂಟರ್ ಅಲ್ಲೇ ಮೂಲೆಯಲ್ಲಿ ಬ್ರಷ್ ತೊಳೆಯುತ್ತಿದ್ದ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಇಲ್ಲಿ ನೋಡಿದ್ರೆ ಎರಡೂ ಒಟ್ಟಿಗೇ ಬಂದಿವೆ" ಎಂದ. ಬೆಂಚಿನವರೆಲ್ಲ ನಕ್ಕರು. ಸೊಸೆ ಮಾತ್ರ ಕೈಯಲ್ಲಿದ್ದ ತಾಯಿಯ ಪಾತ್ರದ ಹಾಳೆಗಳನ್ನು ಸೆರಗಿನಡಿ ಮುಚ್ಚಿಕೊಂಡಳು. ಆ ತಂಡದಲ್ಲಿ ತಾಯಿಯ ಪಾತ್ರ ಎಂದರೆ ಅತ್ತೆ, ಅತ್ತೆ ಎಂದರೆ ತಾಯಿಯ ಪಾತ್ರ. ಹೆತ್ತಮ್ಮನ ಮುಖವನ್ನೇ ಕಾಣದೆ ಬೆಳೆದ ಹೆಂಗಸು ತಾಯಿಯಾಗಿ ನಿಂತು ಹೀಗೆ ಅಳಿಸುತ್ತಾಳಲ್ಲ ಎಂದು ನೋಡಿದವರೆಲ್ಲ ಬೆರಗಾಗುತ್ತಿದ್ದರು. ಪ್ರತಿ ವರ್ಷ ಕೆಳಗೆ ಕುರ್ಚಿಯಲ್ಲಿ ಕೂತು ಅದನ್ನು ನೋಡುತ್ತಿದ್ದ ಸೊಸೆ, ಮರುದಿನದಿಂದ ಅಂಗಡಿಯಲ್ಲಿ ಮಾತ್ರೆ ಜೋಡಿಸುವಾಗ ಅದೇ ಮಾತುಗಳನ್ನು ತುಟಿಯೊಳಗೇ ಆಡಿಕೊಳ್ಳುತ್ತಿದ್ದಳು. ಒಂದೇ ಒಂದು ಸಲ ಆ ಬೆಳಕಿನಲ್ಲಿ ನಿಲ್ಲಬೇಕು ಎನ್ನುವುದು ಅವಳ ಆಸೆ. ಆದರೆ ಅತ್ತೆಯ ಜಾಗಕ್ಕೇ ಕೈ ಹಾಕಿ ಅಲ್ಲ. ಅವಳು ಮೆಲ್ಲಗೆ ಚೀಲ ಎತ್ತಿಕೊಂಡಳು.

"ಎದ್ದೆ ಅಂದ್ರೆ ಮನೆಗೆ ಸೇರಿಸಲ್ಲ" ಎಂದರು ಅತ್ತೆ, ಇನ್ನೂ ಗೋಡೆಯನ್ನೇ ನೋಡುತ್ತ.

ತಂಡ ನಡೆಸುವ ಲೆಕ್ಕದ ಮೇಷ್ಟ್ರದು ಒಂದೇ ನಿಯಮ. ಎಂಥ ಹಳೇ ಹುಲಿಯಾದರೂ ಆಯ್ಕೆಯ ದಿನ ಬೆಂಚಿನ ಮೇಲೆ ಕೂರಲೇಬೇಕು. ಒಬ್ಬರು ಓದುವಾಗ, ಸರದಿಯಲ್ಲಿ ಅವರ ಹಿಂದಿರುವವರು ಎದುರಿನ ಪಾತ್ರ ಓದಿಕೊಡಬೇಕು. ಸೊಸೆಯ ಹಿಂದಿದ್ದವರು ಅತ್ತೆ. ಹಾಗಾಗಿ ಸೊಸೆ ತಾಯಿಯಾದಳು, ಅತ್ತೆ ಮಗಳಾದರು. ಜಗಳವಾಡಿ ಮನೆಬಿಟ್ಟು ಹೊರಟ ಮಗಳು ಹೊಸ್ತಿಲಲ್ಲಿ ನಿಂತು ತಾಯಿಯೊಡನೆ ಕೊನೆಯ ಮಾತಾಡುವ ದೃಶ್ಯ ಅದು.

"ಅಮ್ಮ, ನಾನು ಹೊರಟೆ" ಎಂದರು ಅತ್ತೆ. ನರೆತ ತಲೆಯ ಆ ಹೆಂಗಸಿನ ದನಿ ಎಲ್ಲಿಂದಲೋ ಎಳೆಯದಾಗಿ ಬಂತು. ಸೊಸೆಯ ಭಯ ಅರ್ಧ ಇಳಿಯಿತು. ಅವಳು ಓದಿದಳು, ಓದುತ್ತ ಓದುತ್ತ ಮಾತು ಅವಳದೇ ಆಯಿತು. ಆದರೆ ಬೆವರಿದ ಬೆರಳಿಗೆ ಎರಡು ಹಾಳೆ ಅಂಟಿಕೊಂಡು ಒಟ್ಟಿಗೇ ಮಗುಚಿದ್ದು ಗೊತ್ತಾಗಲಿಲ್ಲ. "ಸರಿ, ಹೋಗು. ಬಾಗಿಲಿಗೆ ಅಗುಳಿ ಹಾಕುವುದಿಲ್ಲ" ಎಂದು ಕೊನೆಯ ಮಾತನ್ನೇ ಓದಿಬಿಟ್ಟಳು. ಬಾಯಿಂದ ಬಿದ್ದ ಮೇಲೆ ತಿಳಿಯಿತು. ಅತ್ತೆ ಈಗ ಸುಮ್ಮನೆ ನಿಂತಿದ್ದರೆ ಸಾಕಿತ್ತು, ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ಅತ್ತೆ ಒಂದು ಹೆಜ್ಜೆ ಹತ್ತಿರ ಬಂದರು. "ಅಮ್ಮ, ಅಷ್ಟು ಬೇಗ ಕಳಿಸಿಬಿಡ್ತೀಯಾ? ನನ್ನ ಮಾತು ಇನ್ನೂ ಮುಗಿದಿಲ್ಲ."

ಇದು ಯಾವ ಹಾಳೆಯಲ್ಲೂ ಇರಲಿಲ್ಲ. ಸೊಸೆ ಹಾಳೆ ಹಿಂದಕ್ಕೆ ಮಗುಚುವಷ್ಟು ಹೊತ್ತು ಅತ್ತೆ ಅವಳ ಸೆರಗನ್ನು ಹಿಡಿದು ನಿಂತರು. ಬಿಟ್ಟುಹೋದ ಮಾತುಗಳೆಲ್ಲ ಬಂದವು. ಅಗುಳಿಯ ಮಾತು ಎರಡನೇ ಸಲ ಬಂದಾಗ ಪೇಂಟರ್ ತೋಳಿನಲ್ಲಿ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ನೀಲಿ ಮೆತ್ತಿಕೊಂಡ.

ಮೇಷ್ಟ್ರು ಕನ್ನಡಕ ತೆಗೆದು, "ಈಗ ನೀವಮ್ಮ, ತಾಯಿಯ ಮಾತು ಓದಿ" ಎಂದರು ಅತ್ತೆಗೆ.

"ಬೇಡಿ ಮೇಷ್ಟ್ರೇ. ತಾಯಿ ಸಿಕ್ಕಳಲ್ಲ. ಮಗಳ ಪಾತ್ರ ಕೊಡೋದಿದ್ರೆ ಹೇಳಿ."

ಹಾಲ್‌ಗೆ ಹಾಲೇ ನಕ್ಕಿತು. ಮೇಷ್ಟ್ರೂ ನಗುತ್ತಲೇ ತಾಯಿಯ ಪಾತ್ರ ಸೊಸೆಗೆ, ಪಕ್ಕದ ಮನೆಯ ಮುದುಕಿಯ ಪಾತ್ರ ಅತ್ತೆಗೆ ಕೊಟ್ಟರು. ಅತ್ತೆ ಮಾತ್ರ ನಗಲಿಲ್ಲ. ಅದನ್ನು ಸೊಸೆ ನೋಡಿದಳು.

ಮನೆಯ ದಾರಿಯಲ್ಲಿ ಒಂದೇ ಕೊಡೆಯ ಕೆಳಗೆ ಇಬ್ಬರೂ ಒಂದೊಂದು ಹೆಗಲನ್ನು ಬಿಸಿಲಿಗೆ ಬಿಟ್ಟು ನಡೆದರು. ಸೊಸೆಯೇ ಮೊದಲು ಮಾತಾಡಿದಳು. "ನೀವು ಸುಮ್ಮನಿದ್ದಿದ್ರೆ ಪಾತ್ರ ನಿಮ್ಮದೇ ಆಗ್ತಿತ್ತು ಅತ್ತೆ. ನಿಮ್ಮ ಈ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ."

"ಉಪಕಾರವಂತೆ. ನಿನಗೋಸ್ಕರ ಮಾಡಿದೆ ಅಂತ ಯಾರು ಹೇಳಿದ್ರು?" ಅತ್ತೆ ಕೊಡೆಯನ್ನು ಅವಳ ಕಡೆ ಇನ್ನಷ್ಟು ವಾಲಿಸಿದರು. "ಸ್ಟೇಜ್ ಮೇಲೆ ಎಷ್ಟೋ ಜನ ನನ್ನನ್ನ ಅಮ್ಮ ಅಂತ ಕರೆದ್ರು. ನಾನು ಯಾರನ್ನೂ ಹಾಗೆ ಕರೆದೋಳಲ್ಲ. ಇವತ್ತೇ ಮೊದಲು."

ಸೊಸೆ ಅತ್ತೆಯ ಕೈಯಿಂದ ಕೊಡೆ ತಾನು ಇಸಿದುಕೊಂಡಳು.

ಸ್ವಲ್ಪ ದೂರ ಹೋದ ಮೇಲೆ ಅತ್ತೆ ಅಂದರು: "ನೀನು ಹಾರಿಸಿದ್ದೆಯಲ್ಲ, ಆ ಎರಡು ಹಾಳೆ. 'ಅಮ್ಮ' ಅನ್ನೋದು ಜಾಸ್ತಿ ಇದ್ದಿದ್ದೇ ಅದರಲ್ಲಿ ಕಣೆ. ಹೇಗೆ ಬಿಡ್ಲಿ?"