ರೆಕ್ಕೆಯ ಮೇಲಿನ ವಿಭೂತಿ

“ಇದೊಂದು ಜಾಗಾ ಬಿಟ್ಟು ಎಲ್ಲಾ ನೋಡ್ರಿ,” ಎಂದರು ಶರಣಬಸವ, ರೆಕ್ಕೆಯ ಬುಡಕ್ಕೆ ಅಡ್ಡ ನಿಂತು.

ತಪಾಸಣೆಗೆ ಬಂದಿದ್ದ ಎಂಜಿನಿಯರ್ ದುರ್ಗಾ ಟಾರ್ಚ್ ಇಳಿಸಿದಳು. ದಾಂಡೇಲಿಯ ಹೊರಗೆ, ರನ್‌ವೇ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರಿಬ್ಬರೇ. ಎರಡು ಸೀಟಿನ ಪುಟ್ಟ ವಿಮಾನಕ್ಕೆ ನಲವತ್ತು ದಾಟಿತ್ತು. ನಿವೃತ್ತ ಪೈಲಟ್ ಶರಣಬಸವರು ಅದನ್ನು ಹಳೆಯದೆಂದು ಒಪ್ಪುವವರಲ್ಲ. ತಮಗೆ ವಯಸ್ಸಾದದ್ದನ್ನೇ ಅವರು ಇನ್ನೂ ಒಪ್ಪಿರಲಿಲ್ಲ.

“ಹಳೇ ವಿಮಾನಕ್ಕ ಮೊದಲು ನೋಡಬೇಕಾದ್ದ ಅಲ್ಲೇ ರೀ. ಅಲ್ಲೇ ಸವೀತೈತಿ.”

“ಹಾರಿಸಾಂವ ನಾನೊಬ್ಬನ. ಬಾಜೂ ಸೀಟು ಖಾಲಿ. ಬಿದ್ರ ನಾನ ಬೀಳ್ತೇನಿ. ಸರ್ಕಾರಕ್ಕ ಯಾಕ ಈ ಉಸಾಬರಿ?”

“ನಮ್ಮೂರು ಅತ್ತಿವೇರಿ ಮ್ಯಾಲ ಹೋಗ್ತೀರಲ್ರಿ, ನಮ್ಮವ್ವ ಅಲ್ಲೇ ಹೊಲದಾಗ ಇರ್ತಾಳ. ಸಪ್ಪಳ ಕೇಳಿದ್ರ ತಲಿ ಎತ್ತಿ ನೋಡ್ತಾಳ.”

ಶರಣಬಸವ ಪಕ್ಕಕ್ಕೆ ಸರಿದರು. ರೆಕ್ಕೆಯನ್ನು ಒಡಲಿಗೆ ಕೂಡಿಸುವ ಲೋಹದ ಪಟ್ಟಿಯ ಮೇಲೆ ವಿಭೂತಿಯ ಮೂರು ಗೆರೆಗಳಿದ್ದವು. ಅಳಿಸದಂತೆ ಮೇಲೆ ಪಾರದರ್ಶಕ ಟೇಪು ಅಂಟಿಸಿತ್ತು.

“ನಮ್ಮ ಶಾಂತಾದೇವಿ ಹಚ್ಚಿದ್ದು. ಆಕಿ ಮಾಡಿದ ಕಡೀ ಆಯುಧಪೂಜಿ,” ಎಂದರು. “ಮುಂದ ಮೂರು ತಿಂಗಳಿಗೆ ಹೋದ್ಲು.”

ಮನೆಯಲ್ಲಿ ಹೆಂಡತಿಯ ಸೀರೆಗಳಿದ್ದವು, ಗೋಡೆಗೆ ಫೋಟೊ ಇತ್ತು. ಅವಳ ಬೆರಳಿನ ಗುರುತು ಉಳಿದದ್ದು ಇಲ್ಲೊಂದೇ ಕಡೆ.

ದುರ್ಗಾ ಒದ್ದೆ ಬಟ್ಟೆ ಹಿಡಿದು ನಿಂತಳು; ಒರೆಸಲು ಅವಳಿಗೂ ಕೈ ಏಳಲಿಲ್ಲ. ಕಡೆಗೆ ಶರಣಬಸವರೇ ಬಟ್ಟೆ ಇಸಿದುಕೊಂಡು, ಟೇಪು ಕಿತ್ತು, ಒರೆಸಿದರು. ವಿಭೂತಿ ಹೋಯಿತು, ಗೆರೆ ಹೋಗಲಿಲ್ಲ. ಟೇಪಿನಡಿ ಮಳೆಗಾಲದ ತೇವ ಹಿಡಿದು ಕೂತ ಬೂದಿ ಲೋಹವನ್ನೇ ತಿಂದಿತ್ತು. ಬೆರಳಗಲದ ಮೂರು ತಗ್ಗು. ನಡುವಿನದರಲ್ಲಿ ಕೂದಲೆಳೆಯಷ್ಟು ಬಿರುಕು.

“ಇನ್ನೊಮ್ಮೆ ಹಾರಿದ್ರ…” ದುರ್ಗಾ ಬಿರುಕಿಗೆ ಟಾರ್ಚ್ ಹಿಡಿದಳು. “ಈ ಪಟ್ಟಿ ಬಿಚ್ಚಿ ಹೊಸಾದು ಹಾಕಬೇಕ್ರಿ.”

“ಬಿಚ್ಚಿದ್ದು ನನಗ ಕೊಡ್ರಿ.”

“ಹಂಗ ಇಡೀದು ಕೊಡಾಕ ಬರೂದಿಲ್ರಿ. ಮತ್ಯಾರೂ ತಮ್ಮ ವಿಮಾನಕ್ಕ ಹಾಕ್ಕೋಬಾರದಂತ ಕೊಯ್ದು ತುಂಡು ಮಾಡಬೇಕು.”

ಶರಣಬಸವ ತಗ್ಗುಗಳ ಮೇಲೆ ತಮ್ಮ ಮೂರು ಬೆರಳಿಟ್ಟು ನೋಡಿದರು. ಅವರವು ದಪ್ಪ, ಕೂಡಲಿಲ್ಲ.

“ಕೊಯ್ರಿ,” ಎಂದರು. “ಆಕಿ ಬೆರಳು ಬಿಟ್ಟು ಕೊಯ್ರಿ.”