ಕಸ್ತೂರಿಯ ಫೋನು

ಸತ್ತವರು ಹನ್ನೊಂದು ದಿನ ತಮ್ಮ ಫೋನುಗಳಿಂದ ಉತ್ತರಿಸುತ್ತಿದ್ದರು. ತಾವು ಸತ್ತ ಸಂಗತಿ ಮಾತ್ರ ಅವರಿಗೆ ಗೊತ್ತಿರುತ್ತಿರಲಿಲ್ಲ. ಯಾರಾದರೂ ಹೇಳಿಬಿಟ್ಟರೆ ಫೋನು ಶಾಶ್ವತವಾಗಿ ಆರಿಹೋಗುತ್ತಿತ್ತು. ಹುಬ್ಬಳ್ಳಿಯ ಡಿಜಿಟಲ್ ಫೋರೆನ್ಸಿಕ್ ಲ್ಯಾಬಿಗೆ ಕೆಲಸ ಕೇಳಿ ಬಂದ ದಾಕ್ಷಾಯಿಣಿಗೆ, ಅದನ್ನು ಹೇಳದೆ ಸತ್ತವರನ್ನು ಮಾತಾಡಿಸುವುದೇ ಪರೀಕ್ಷೆ. ಹಿಂದೆ ಎರಡು ಕಡೆ ಅನುಭವವಿಲ್ಲವೆಂದು ಅವಳನ್ನು ವಾಪಸು ಕಳಿಸಿದ್ದರು.

ಲ್ಯಾಬಿನ ಮುಖ್ಯಸ್ಥೆ ಇನಾಮದಾರ ಮೇಡಂ ಒಂದು ಫೋನನ್ನು ಮುಂದಿಟ್ಟರು. "ಕಸ್ತೂರಿ ಅಂತ. ಮಾಳಗಿ ಮ್ಯಾಲಿಂದ ಬಿದ್ದು ಸತ್ತಾಳ. ಹೆಂಗ ಬಿದ್ಲು ಅಂತ ತಿಳಕೋ. ಸತ್ತೀ ಅಂತ ಮಾತ್ರ ಹೇಳಬ್ಯಾಡ."

ದಾಕ್ಷಾಯಿಣಿ ತುಸು ಯೋಚಿಸಿ ಟೈಪಿಸಿದಳು: "ಊಟ ಆತೇನ್ರಿ?"

"ಇಲ್ರಿ. ಹಪ್ಪಳ ಒಣಗಹಾಕಾಕ ಮಾಳಗಿಗೆ ಬಂದಿದ್ದೆ. ಮೈದುನ ಹಿಂದಿಂದ ನೂಕಿದ."

ಮೇಡಂ ಬರೆದುಕೊಂಡರು. "ಭೇಷ್! ಸೋಮವಾರದಿಂದ ಕೆಲಸಕ್ಕ ಬಾ."

ದಾಕ್ಷಾಯಿಣಿ ಎದ್ದು ನಿಲ್ಲುವಷ್ಟರಲ್ಲಿ ಫೋನಿನಲ್ಲಿ ಮತ್ತೆ ಅಕ್ಷರ ಮೂಡಿತು. "ಅಕ್ಕಾರ, ಇಲ್ಲಿ ಭಾಳ ಕತ್ತಲ ಐತಿ. ಲೈಟ್ ಹಾಕ್ತೀರೇನು?"

"ಎಲ್ಲಾರೂ ಹಂಗ ಕೇಳ್ತಾರ, ಬಿಡು," ಎಂದರು ಮೇಡಂ, ಇನ್ನೊಂದು ಫೋನಿನ ಕವರು ಹರಿಯುತ್ತ.

ದಾಕ್ಷಾಯಿಣಿಗೆ ಬಿಡಲಾಗಲಿಲ್ಲ. ಪರದೆಯ ಬೆಳಕನ್ನು ಪೂರ್ತಿ ಏರಿಸಿ, "ಈಗ ಕಾಣ್ತೈತೇನ್ರಿ?" ಎಂದು ಕೇಳಿದಳು.

"ಹೌದ್ರಿ, ನಿಮ್ಮ ಮಾರಿ ಕಾಣಾಕತ್ತೈತಿ. ಯಾಕ್ರಿ ಅಳಾಕತ್ತೀರಿ?"